ಭಾನುವಾರಗಳ ಸ್ವಿಸ್ ಹಳ್ಳಿ

ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್‌ನಿಂದಾಗಿ ಕಲ್ಯಾಣ್ ಕಡೆಯವರು ಯಾರೂ ಬರದೇ ಇರಬಹುದಿತ್ತು. ಪ್ರೊಜೆಕ್ಟರ್ ಕೈಕೊಡಬಹುದಿತ್ತು. ಪೆನ್ ಡ್ರೈವ್‌ಗೆ ವೈರಸ್ ಹೊಕ್ಕಿರಬಹುದಿತ್ತು. ಅದಕ್ಕೇ ಇನ್ನೊಂದನ್ನು ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡಿದ್ದೆ. ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ವೇದಿಕೆಯ ಮೇಲೇ ನಾನು ಹಿಮದ ಬಂಡೆಯಂತೆ ಉರುಳಬಹುದಿತ್ತು. ಸ್ವಿಟ್ಜರ್‌ಲೆಂಡ್ ನೋಡಿಬಂದ ಯಾರಾದರೂ ಎದ್ದು, "ಅದು ಹಾಗಲ್ಲಮ್ಮ" ಅನ್ನಬಹುದಿತ್ತು. ಬಟಾಟೆವಡೆ ಆರುತ್ತದೆಂದು ಕಾರ್ಯದರ್ಶಿ ಅರ್ಧಕ್ಕೇ ಚೀಟಿ ಕಳಿಸಬಹುದಿತ್ತು.

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಅಂದು ನನ್ನ ಭಾಷಣ: ಆಲ್ಪ್ಸ್ ಬೆಟ್ಟದ ಒಂದು ಹಳ್ಳಿಯ ಭೂಗೋಳ ಮತ್ತು ಇತಿಹಾಸ. ನಾನು ಆ ಹಳ್ಳಿಯನ್ನು ಕಂಡವಳಲ್ಲ. ಹಿಂದಿನ ಚಳಿಗಾಲದಲ್ಲಿ ನನ್ನ ಗಂಡನನ್ನು ರಬಾಳೆಯ ಅವರ ಆಫೀಸಿನವರು ಅದರ ಹತ್ತಿರದ ಪಟ್ಟಣಕ್ಕೆ ಕಳಿಸಿದ್ದರು. ಮಗಳ ಹತ್ತನೇ ಪರೀಕ್ಷೆ, ನಾನು ಹೋಗುವಂತಿರಲಿಲ್ಲ. ನಕ್ಷೆಯಲ್ಲಿ ಬೆರಳಿಟ್ಟು, "ಭಾನುವಾರ ಇಲ್ಲಿಗೆ ಹೋಗಿ ನೋಡಿ ನನಗೆ ಹೇಳ್ಬೇಕು. ನಿಮ್ಮ ಕಣ್ಣಲ್ಲೇ ನಾನೂ ನೋಡ್ತೀನಿ" ಅಂದಿದ್ದೆ. ಇವರು ಒಪ್ಪಿದ್ದರು.

ಪ್ರತಿ ಭಾನುವಾರ ಫೋನು ಬರುತ್ತಿತ್ತು. ಕಣಿವೆಯ ಬಿಸಿಲು ಬೀಳುವ ಮಗ್ಗುಲಲ್ಲಷ್ಟೇ ಮನೆಗಳಿವೆ. ಇಲಿ ಹತ್ತದಂತೆ ಕಣಜಗಳನ್ನು ದುಂಡುಕಲ್ಲಿನ ತಟ್ಟೆಗಳ ಮೇಲೆ ಕೂರಿಸಿದ್ದಾರೆ. ಚರ್ಚಿನ ಹಿಂಗೋಡೆ ದೋಣಿಯ ಮೂತಿಯಂತೆ ಚೂಪಾಗಿದೆ, ಜಾರಿಬಂದ ಹಿಮ ಅಲ್ಲಿ ಸೀಳಿ ಎರಡು ಪಕ್ಕಕ್ಕೆ ಹೋಗಲೆಂದು. ಹೊಲ ಸಾಲದೆ ಅಲ್ಲಿನ ಗಂಡಸರು ಒಂದು ಕಾಲದಲ್ಲಿ ಪರದೇಶದ ರಾಜರ ಸೈನ್ಯಕ್ಕೆ ಸೇರಿ ಸಾಯುತ್ತಿದ್ದರಂತೆ. ಆಮೇಲೆ ರೈಲು ಬಂತು, ಪ್ರವಾಸಿಗಳು ಬಂದರು. ಫೋಟೋ ಯಾಕಿಲ್ಲ ಎಂದರೆ, "ಕೈ ಮರಗಟ್ಟುತ್ತೆ ಮಾರಾಯ್ತಿ." ಗ್ಯಾಸ್ ಆರಿಸಿದೆನೇ ಎಂದು ಸ್ಟೇಷನ್ನಿನಿಂದ ವಾಪಸು ಬರುವ ನಾನು, ಇದನ್ನು ಮಾತ್ರ ಹಾಗೇ ನಂಬಿದೆ. ಕೇಳಿದ್ದನ್ನೆಲ್ಲ ಸೇರಿಸಿ ಹಳ್ಳಿಯ ನಕ್ಷೆ ಬರೆದೆ.

ಭಾಷಣ ಚೆನ್ನಾಗಿಯೇ ಆಯಿತು. ಚರ್ಚಿನ ಗೋಡೆಗೆ ಚಪ್ಪಾಳೆ ಬಿತ್ತು. ಚಹಾದ ಹೊತ್ತಿಗೆ, ಸ್ವಿಟ್ಜರ್‌ಲೆಂಡಿನಲ್ಲಿ ಇವರ ಜೊತೆ ಒಂದೇ ರೂಮಿನಲ್ಲಿದ್ದ ಸಹೋದ್ಯೋಗಿ ಬಂದರು. ಉಡುಪಿ ಕಡೆಯವರು, ಬದಲಾಪುರದಲ್ಲಿ ಮನೆ.

"ಭಾರೀ ಲಾಯ್ಕಾಯ್ತು ಅತ್ತಿಗೆ. ಅಲ್ಲೇ ಇದ್ದ ನಮಗೇ ಇಷ್ಟು ಗೊತ್ತಿಲ್ಲ."

"ನೀವು ಇವರ ಜೊತೆ ಹಳ್ಳಿಗೆ ಹೋಗ್ತಿರಲಿಲ್ವಾ?"

"ಎಂತ ಹಳ್ಳಿ ಮಾರಾಯ್ರೆ! ಭಾನುವಾರ ಅಂದ್ರೆ ಸಾಂಬಾರು, ಇಸ್ಪೀಟು. ಆ ಚಳಿಗೆ ಹೊರಗೆ ಹೋಗ್ಲಿಕ್ಕುಂಟಾ? ಅಣ್ಣ ಲ್ಯಾಪ್‌ಟಾಪ್ ತೆಗೆದು ನಿಮಗೆ ಫೋನು ಹಚ್ಚಿದ್ರೆ ನಾವೆಲ್ಲ, 'ಬಾಯಿ ಮುಚ್ಚಿ, ಅತ್ತಿಗೆಗೆ ಪಾಠ ಶುರು' ಅಂತ ನಗಾಡ್ತಿದ್ದೆವು."

ನಾನೂ ನಕ್ಕೆ. ಕೈಯಲ್ಲಿ ವಡೆ ಇತ್ತು, ಬೇರೇನು ಮಾಡಲಿ? ಒಂದು ಭಾನುವಾರ ಇವರು ಮಾತಿನ ನಡುವೆ ಏದುಸಿರು ಬಿಟ್ಟು, "ಏರು ಜಾಸ್ತಿ, ಇರು, ನಿಲ್ತೀನಿ" ಎಂದದ್ದು ನೆನಪಾಯಿತು. ಆ ವಾರವಿಡೀ ಇವರ ಎದೆಯ ಬಗ್ಗೆ ಹೆದರಿಕೊಂಡೇ ಲೋಕಲ್ ಹತ್ತಿದ್ದೆ. ಓದಿ ಹೇಳಿದ್ದನ್ನಾದರೂ ಕ್ಷಮಿಸಬಹುದು. ಆ ಉಸಿರನ್ನು ಇವರು ಯಾವ ಪುಟದಲ್ಲಿ ಓದಿದರು?

ಮನೆಗೆ ಮರಳುವಾಗ ರಿಕ್ಷಾದಲ್ಲಿ ಇವರನ್ನೇ ಕೇಳಿದೆ. ಇವರು ಹೊರಗೆ ನೋಡುತ್ತ, "ಹೇಳಿದ್ದರಲ್ಲಿ ಒಂದಾದ್ರೂ ತಪ್ಪಿತ್ತೇನೇ?" ಅಂದರು.

ಇರಲಿಲ್ಲ. ಗೋಡೆ, ಕಣಜ, ಸೈನಿಕರು, ಎಲ್ಲ ಸರಿ. ಇವರು ಅಲ್ಲಿಗೆ ಹೋಗಿರಲಿಲ್ಲ, ಅಷ್ಟೆ.