ಅತ್ತೆಗೆ ಕರೆ ಬಂದಿತ್ತು

ನನ್ನ ಸೋದರತ್ತೆಯ ಹಜ್ ಯಾತ್ರೆಯನ್ನು ತಪ್ಪಿಸಿದವನು ನಾನು. ಹಡಗಲ್ಲ, ಸರಕಾರವಲ್ಲ, ಆಕೆ ನಂಬಿದಂತೆ ದೇವರೂ ಅಲ್ಲ — ನಾನು. ಈ ಒಂದು ಮಾತನ್ನು ಹೇಳದೆ ಇಷ್ಟು ವರ್ಷ ಮುಂದೂಡಿದೆ. ಮೊದಲು, ಆಕೆ ಬದುಕಿದ್ದಾಳೆ, ಕೇಳಿದರೆ ನೊಂದುಕೊಳ್ಳುತ್ತಾಳೆ ಎಂದು ಹೇಳಲಿಲ್ಲ. ಆಮೇಲೆ, ಆಕೆಯೇ ಇಲ್ಲ, ಇನ್ನು ಯಾರಿಗೆ ಹೇಳಲಿ ಎಂದು ಹೇಳಲಿಲ್ಲ. ಎರಡೂ ನನಗೆ ಅನುಕೂಲವಾದ ಮಾತುಗಳೇ. ಈಗ ವಯಸ್ಸಾಗಿ ಅಕ್ಷರ ಸೊಟ್ಟಗಾಗುತ್ತದೆ. ಆದರೂ ಮೊಮ್ಮಕ್ಕಳಿಂದ ಬರೆಸುವ ಮಾತಲ್ಲ ಇದು.

ನಾವು ಹುಬ್ಬಳ್ಳಿಯ ಕಮರಿಪೇಟೆಯವರು. ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡಿಕೊಡುವ ಮನೆತನ. ನಮಾಜು ಅರಬಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಅಪ್ಪ ಅವ್ವ ಒಂದೇ ವರ್ಷ ಜ್ವರದಲ್ಲಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಪ್ಪನ ಅಕ್ಕ. ಆಕೆಗೂ ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಗಂಡನ ಹತ್ತಿ ಹಿಂಜುವ ಬಿಲ್ಲನ್ನು ತಾನೇ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದಳು. ಹೆಂಗಸು ಬಿಲ್ಲು ಹಿಡಿದದ್ದನ್ನು ಕಂಡು ಜನ ನಗುತ್ತಿದ್ದರು. ಆಕೆ ಅವರಿಗಿಂತ ಜೋರಾಗಿ ನಗುತ್ತಿದ್ದಳು. ಸಂಜೆ ಮನೆಗೆ ಬಂದಾಗ ರೆಪ್ಪೆಯ ಮೇಲೆಲ್ಲ ಹತ್ತಿಯ ಎಳೆ. ನಾನು ಅದನ್ನು ಊದಿ ಊದಿ ತೆಗೆಯುತ್ತಿದ್ದೆ.

ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಆಕೆ ಹಜ್ಜಿಗೆ ಹೋಗುವ ಮಾತು ತೆಗೆದಳು. ಸಾಲ ಮಾಡಿ ಹಜ್ ಮಾಡುವಂತಿಲ್ಲ, ಸ್ವಂತ ದುಡಿಮೆಯದೇ ಆಗಬೇಕು. ಅದಕ್ಕೆ ಆಕೆ ಒಂದು ಪದ್ಧತಿ ಇಟ್ಟುಕೊಂಡಳು: ಹೊಸ ಗಾದಿಯ ಕೂಲಿ ಮನೆಗೆ, ಹಳೆಯ ಗಾದಿ ಬಿಚ್ಚಿ ಮತ್ತೆ ಹಿಂಜಿದ ಕೂಲಿ ಮಕ್ಕಾಗೆ. ಹಳೆಯ ಗಾದಿ ಬಿಚ್ಚಿದರೆ ಧೂಳು ಬಹಳ. ಆ ಧೂಳನ್ನು ಆಕೆ ಹನ್ನೆರಡು ವರ್ಷ ಕುಡಿದಳು.

ಹೆಂಗಸು ಒಬ್ಬಳೇ ಹೋಗುವುದು ನಮ್ಮಲ್ಲಿ ಸಲ್ಲದು. ಗಂಡನಾದರೂ ಇರಬೇಕು, ಇಲ್ಲವೆ ಮಗ, ತಮ್ಮ, ತಮ್ಮನ ಮಗ, ತಂಗಿಯ ಮಗ — ಹೀಗೆ ರಕ್ತಸಂಬಂಧದ ಗಂಡಸೊಬ್ಬ ಜೊತೆಗಿರಬೇಕು. ಆಕೆಗೆ ಇದ್ದದ್ದು ಇಬ್ಬರು. ತಮ್ಮನ ಮಗ ನಾನು, ಮತ್ತು ತಂಗಿಯ ಮಗ ಮೌಲಾ — ಗದಗಿನಲ್ಲಿ ಜಟಕಾ ಹೊಡೆಯುತ್ತಿದ್ದ, ನನಗಿಂತ ನಾಲ್ಕು ವರ್ಷ ಹಿರಿಯ. ಆಕೆ ನನ್ನನ್ನು ಆರಿಸಿದಳು. ನಾನು ಸಾಲೆ ಕಲಿಯುತ್ತಿದ್ದೆನಲ್ಲ! ಇಬ್ಬರ ದಾರಿಖರ್ಚಿಗೆ ಆಗುವಷ್ಟು ಕೂಡಿಸಲು ಹನ್ನೆರಡು ವರ್ಷ ಹಿಡಿಯಿತು.

ಆ ವರ್ಷಗಳೇ ನನ್ನ ಬಾಳಿನ ಸುಖದ ವರ್ಷಗಳೆಂದು ಈಗ ಅನ್ನಿಸುತ್ತದೆ. ಭೂಗೋಳದ ಪುಸ್ತಕ ತೆರೆದು ನಾನು ಮುಂಬಯಿಯಿಂದ ಜಿದ್ದಾದವರೆಗೆ ಬೆರಳು ಎಳೆಯುತ್ತಿದ್ದೆ, ಆಕೆ ಕಾಯಿಪಲ್ಯೆ ಹೆಚ್ಚುತ್ತ ಕೇಳುತ್ತಿದ್ದಳು.

“ಇದು ಕೆಂಪು ಸಮುದ್ರ, ಅತ್ತಿ.”

“ನೀರು ಖರೇನ ಕೆಂಪ ಇರತಾವೇನೋ?”

“ಗೊತ್ತಿಲ್ಲ. ಮಾಸ್ತರು ಹೇಳಿಲ್ಲ.”

“ನಿಮ್ಮ ಮಾಸ್ತರ ಧಾರವಾಡ ದಾಟಿಲ್ಲ, ಅಂವಗೇನ್ ಗೊತ್ತು? ನಾ ನೋಡಿಬಂದು ಹೇಳತೇನಿ ಅನ್ನು.”

ಹಡಗಿನ ಮೇಲ್ಮಾಳಿಗೆಯಲ್ಲಿ ಬಡವರಿಗೆ ಮೈ ಚಾಚುವಷ್ಟೇ ಜಾಗ ಸಿಗುತ್ತದೆಂದು ಹೋಗಿಬಂದ ಮುದುಕರೊಬ್ಬರು ಹೇಳಿದ್ದರು. ಅಷ್ಟೇ ಅಗಲದ ಎರಡು ಗಾದಿ ಹೊಲಿದಿಟ್ಟಳು. ಇಟ್ಟ ಹತ್ತಿ ಗಂಟುಗಟ್ಟುತ್ತದೆ. ಅದಕ್ಕೇ ಪ್ರತಿ ವರ್ಷ ರಂಜಾನ್ ಕಳೆದ ಮೇಲೆ ಎರಡನ್ನೂ ಬಿಚ್ಚಿ, ಹಿಂಜಿ, ಮತ್ತೆ ತುಂಬುತ್ತಿದ್ದಳು. ನಾನು ಬೆಳೆದಂತೆ ನನ್ನ ಗಾದಿ ಉದ್ದವಾಗುತ್ತ ಹೋಯಿತು.

ಸಮುದ್ರದಲ್ಲಿ ತಲೆ ತಿರುಗಿ ವಾಂತಿಯಾಗುತ್ತದೆಂದೂ ಆ ಮುದುಕರು ಹೇಳಿದ್ದರು. ವಕೀಲರೊಬ್ಬರ ಮನೆಯ ಪಡಸಾಲೆಯಲ್ಲಿ ತೂಗುಮಣೆ ಇತ್ತು. ಅಲ್ಲಿಗೆ ಗಾದಿ ಕೆಲಸಕ್ಕೆ ಹೋದಾಗಲೆಲ್ಲ ಕೆಲಸ ಮುಗಿದ ಮೇಲೆ ಅದರ ಮೇಲೆ ಕೂತು, ಕಣ್ಣು ಮುಚ್ಚಿ ಜೀಕುತ್ತಿದ್ದಳು. ವಕೀಲರ ಹೆಂಡತಿ ಒಳಗಿನಿಂದ ಬಂದು ನೋಡಿ ನಕ್ಕರು.

“ಏನ ಬೂಬು, ಈ ವಯಸ್ಸಿನ್ಯಾಗ ಜೋಕಾಲಿ ಆಡಾಕತ್ತೀಯಲ್ಲ!”

“ಜೋಕಾಲಿ ಅಲ್ರಿ ಬಾಯಾರ, ಸಮುದ್ರ. ಇನ್ನೊಂದೀಟು ಜೋರ ತೂಗ್ರಿ, ಏಡನ್ ಬಂದರದ ತನಕಾರ ಮುಟ್ಟತೇನಿ.”

ವಕೀಲರ ಹೆಂಡತಿ ನಿಜವಾಗಿಯೂ ತೂಗಿದರು. ನಾನು ಹೊಸಿಲಲ್ಲಿ ನಿಂತು ನೋಡುತ್ತಿದ್ದೆ. ಇಬ್ಬರೂ ನಕ್ಕು ನಕ್ಕು —

ಇರಲಿ. ನಾನು ಹೇಳಲು ಕೂತದ್ದು ಇದನ್ನಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಎಲ್ಲವೂ ಕೂಡಿಬಂತು. ನಾನು ಮ್ಯಾಟ್ರಿಕ್ ಪಾಸಾಗಿದ್ದೆ. ಇಬ್ಬರೂ ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡು, ತೋಳು ಬಾತು ಮಲಗಿ ಎದ್ದಿದ್ದೆವು. ಯಾತ್ರೆಯ ಪಾಸಿಗೆ ಧಾರವಾಡದ ಕಚೇರಿಯಲ್ಲಿ ಅರ್ಜಿ ಬರೆದುಕೊಟ್ಟವನೂ ನಾನೇ. ಗುರುವಾರ ಬಂದು ಪಾಸು ಒಯ್ಯಿ ಎಂದು ಕಾರಕೂನರು ಹೇಳಿದ್ದರು. ಅದಾದ ಎಂಟು ದಿನಕ್ಕೆ ನಾವು ಮುಂಬಯಿಯ ರೈಲು ಹತ್ತಬೇಕು.

ಅದೇ ಗುರುವಾರ ಬೆಳಿಗ್ಗೆ ಹುಬ್ಬಳ್ಳಿಯ ಒಂದು ಕಚೇರಿಗೆ ಬಂದು ಭೇಟಿಯಾಗು ಎಂದು ನನಗೆ ಪತ್ರ ಬಂದಿತ್ತು. ಬೇಸಿಗೆಯಲ್ಲಿ ಯಾವಾಗಲೋ ಹಾಕಿದ ನೌಕರಿಯ ಅರ್ಜಿ, ಮರೆತೇಬಿಟ್ಟಿದ್ದೆ. ಪತ್ರ ಬಂದದ್ದನ್ನು ಅತ್ತೆಗೆ ಹೇಳಲಿಲ್ಲ. ಧಾರವಾಡಕ್ಕೆ ಹೋಗುತ್ತೇನೆಂದು ಹೇಳಿ, ಬುತ್ತಿ ಕಟ್ಟಿಸಿಕೊಂಡು, ಆ ಕಚೇರಿಗೆ ಹೋದೆ.

ಸಾಹೇಬರು ನನ್ನ ಅಕ್ಷರ ನೋಡಿ ಮೆಚ್ಚಿದರು. “ಸೋಮವಾರನ ಬಂದು ಕೂಡಬೇಕು ನೋಡಪಾ. ಈಗ ಹೂಂ ಅಂದು ನಾಳೆ ರಜಾ-ಗಿಜಾ ಅಂದ್ರ ನಡಿಯೂದಿಲ್ಲ. ಹೊರಗ ಹತ್ತು ಮಂದಿ ನಿಂತಾರ.”

ನಾನು “ಹೂಂ ರೀ” ಎಂದೆ.

ಆಗ ಏನು ಮಾಡಬಹುದಿತ್ತೆಂದು ಬರೆಯುತ್ತೇನೆ, ಯಾಕೆಂದರೆ ದಾರಿಯೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ನೇರವಾಗಿ ಮನೆಗೆ ಹೋಗಿ, ನೌಕರಿ ಸಿಕ್ಕಿತು ಅತ್ತಿ, ನೀನು ಮೌಲಾನನ್ನು ಕರೆದುಕೊಂಡು ಹೋಗು, ಎನ್ನಬಹುದಿತ್ತು. ಆಕೆ ನನ್ನ ಕೆನ್ನೆಗೆ ಮುತ್ತಿಟ್ಟು ಒಪ್ಪುತ್ತಿದ್ದಳು. ಮೌಲಾ ಜಟಕಾ ಮಾರಿಯಾದರೂ ಬರುತ್ತಿದ್ದ. ವರ್ಷಕ್ಕೆ ಎರಡು ಸಲ ಬಂದಾಗಲೆಲ್ಲ ಅವನದು ಅದೇ ಚೇಷ್ಟೆ: “ದೊಡ್ಡವ್ವ, ಈ ನಿನ್ನ ಮ್ಯಾಟ್ರಿಕ್ ಸಾಹೇಬ ನೀರು ಕಂಡು ಅಂಜಿದ್ರ ನನಗ ಒಂದು ಕಾರ್ಡ್ ಹಾಕಸು.” ಅರ್ಜಿಯಲ್ಲಿ ನನ್ನ ಹೆಸರು ಹೊಡೆದು ಅವನದನ್ನು ಬರೆಸಲು ಎಂಟು ದಿನ ಧಾರಾಳವಾಗಿ ಸಾಕಾಗಿತ್ತು.

ಆದರೆ ಅತ್ತೆಯನ್ನು ಹಜ್ಜಿಗೆ ಕರೆದೊಯ್ಯುವ ಹುಡುಗ ಎಂದು ಇಡೀ ಓಣಿ ನನ್ನನ್ನು ಹೊಗಳುತ್ತಿತ್ತು. ಆ ಹೊಗಳಿಕೆಯನ್ನು ಒಬ್ಬ ಜಟಕಾದವನಿಗೆ ಬಿಟ್ಟುಕೊಡುವ ಮನಸ್ಸು ನನಗಾಗಲಿಲ್ಲ. ನೌಕರಿಯೂ ಬೇಕು, ಆ ಹೆಸರೂ ಬೇಕು. ಮುಂದಿನ ವರ್ಷ ರಜೆ ಹಾಕಿ ನಾನೇ ಕರೆದೊಯ್ದರಾಯಿತು, ಒಂದು ವರ್ಷ ತಾನೆ — ಹೀಗೆಂದುಕೊಂಡು ಕೆರೆಯ ದಂಡೆಯಲ್ಲಿ ಆಕೆ ಕಟ್ಟಿಕೊಟ್ಟ ರೊಟ್ಟಿ ತಿಂದು, ಧಾರವಾಡದಿಂದ ರೈಲು ಬರುವ ಹೊತ್ತು ನೋಡಿಕೊಂಡು ಮನೆಗೆ ಹೋದೆ.

ಹಜ್ಜಿಗೆ ಹೊರಡುವವರು ಅದಕ್ಕೂ ಮೊದಲು ಪರಿಚಯದವರ ಮನೆಮನೆಗೂ ಹೋಗಿ, ಆಡಿದ್ದು ಅಂದದ್ದು ಮಾಫ್ ಮಾಡಿರೆಂದು ಕೇಳಿಕೊಳ್ಳುವುದು ನಮ್ಮ ರೂಢಿ. ಯಾರದೇ ಮನಸ್ಸು ನೋಯಿಸಿ ಮಕ್ಕಾದಲ್ಲಿರುವ ದೇವರ ಮನೆಯ ಬಾಗಿಲಿಗೆ ಹೋಗಬಾರದು. ಅತ್ತೆ ಹದಿನೈದು ದಿನದಿಂದ ತಿರುಗುತ್ತಿದ್ದಳು. ವಕೀಲರ ಹೆಂಡತಿಯನ್ನೂ ಕೇಳಿದ್ದಳು, ಹತ್ತಿಯ ವ್ಯಾಪಾರಿಯನ್ನೂ ಕೇಳಿದ್ದಳು. ನಾನು ಒಳಗೆ ಕಾಲಿಟ್ಟಾಗ, ಬಾಯಿಗೆ ಮಾತು ಬರುವ ಮೊದಲೇ, ಆಕೆ ಚಾಪೆಯ ಮೇಲೆ ನನ್ನೆದುರು ಕೂತು ಸೆರಗೊಡ್ಡಿದಳು.

“ಎಲ್ಲಾರದೂ ಆತು, ಮನೀ ಮಗ ಅಂತ ನಿಂದು ಕಡೀಕ ಇಟ್ಟಿದ್ದೆ. ಸಾಲಿ ತಪ್ಪಿಸಿದಾಗ ಹೊಡದೇನಿ. ಅವ್ವ ಇಲ್ಲದ ಮಗ ಅಂತ ನೋಡಲಾರದ ಬೈದೇನಿ. ಮಾಫ್ ಮಾಡಪಾ, ಖಾದರಾ.”

ನಾನು ಹೇಳಿದೆ — “ಮಾಫ್ ಅತ್ತಿ.”

ಮಾಫಿ ಕೇಳಬೇಕಾದವನು ಮಾಫಿ ಕೊಟ್ಟೆ. ಆಕೆ ಕಣ್ಣೊರೆಸಿಕೊಂಡು, ನಗುತ್ತ ಕೈ ಚಾಚಿದಳು. “ಎಲ್ಲಿ, ಪಾಸ್ ತೋರಸು.”

“ಸಿಗಲಿಲ್ಲ ಅತ್ತಿ. ಈ ವರ್ಷದ ಹಡಗು ತುಂಬ್ಯಾವಂತ. ಇನ್ನ ಯಾರಿಗೂ ಕೊಡೂದಿಲ್ಲಂತ.”

ಆಕೆ ಚಾಚಿದ ಕೈಯನ್ನು ಬಹಳ ಹೊತ್ತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. “ಕರಿ ಬಂದಿಲ್ಲ ಬಿಡು,” ಎಂದಳು. “ಆ ಮನೀ ಯಜಮಾನ ಕರದ್ರ ಹೋಗೂದು. ಕರದಿಲ್ಲ.”

ಯಾತ್ರೆ ಒಂದು ವರ್ಷ ಮುಂದೆ ಹೋಗುತ್ತದೆ, ಅಷ್ಟೇ, ಎಂದು ನಾನು ಲೆಕ್ಕ ಹಾಕಿದ್ದೆ. ಆಕೆ ಇದನ್ನು ಹೀಗೆ ತಿಳಿಯುತ್ತಾಳೆಂದು ನನಗೆ ಹೊಳೆದೇ ಇರಲಿಲ್ಲ. ನೌಕರಿ ಆಮೇಲೆ ಸಿಕ್ಕಿತೆಂದು ಹೇಳಿದಾಗ ಓಣಿಗೆಲ್ಲ ಸಕ್ಕರೆ ಹಂಚಿದಳು. ಆದರೆ ಒಳಗೊಳಗೆ ಹುಡುಕತೊಡಗಿದಳು — ತನ್ನನ್ನು ಯಾಕೆ ಕರೆಯಲಿಲ್ಲ? ಯಾರ ನೋವು ಅಡ್ಡ ನಿಂತಿದೆ?

“ಯಾರೋ ಬಾಯಾಗ ಮಾಫ್ ಅಂದು ಹೊಟ್ಟ್ಯಾಗ ಇಟ್ಕೊಂಡಾರ,” ಎಂದಳು ಒಂದು ದಿನ.

ಅದು ನಿಜವಾಗಿತ್ತು. ಆಕೆಯ ಎದುರಿಗೇ ಕೂತು ಊಟ ಮಾಡುತ್ತಿದ್ದೆ.

ಮತ್ತೆ ಮನೆಮನೆ ತಿರುಗಿದಳು. ಈ ಸಲ ಜನ ಬೇಸರಪಟ್ಟರು. ನೀರಿನ ಕಟ್ಟೆಯಲ್ಲಿ ಯಾರೋ, “ಬಂದ್ಳು ನೋಡ್ರಿ, ಹುಬ್ಬಳ್ಳಿ ಟೇಶನ್ ದಾಟದ ಹಾಜಿಯಮ್ಮ,” ಎಂದು ನಕ್ಕರು. ಕೊನೆಗೆ ಉಪ್ಪಿನಬೆಟಗೇರಿಯಲ್ಲಿದ್ದ ತನ್ನ ನೆಗೆಣ್ಣಿಯ ಬಳಿಗೆ ಹೊರಟಳು. ಗಂಡನ ತಮ್ಮನ ಹೆಂಡತಿ ಆಕೆ. ಮನೆ ಪಾಲಾದಾಗ ಒಂದು ತಾಮ್ರದ ಹಂಡೆಗಾಗಿ ಇಬ್ಬರೂ ಜಗಳಾಡಿದ್ದರಂತೆ. ರವಿವಾರ ರಜೆಯೆಂದು ನಾನೇ ಜೊತೆಗೆ ಹೋದೆ. ಧಾರವಾಡದವರೆಗೆ ರೈಲು, ಅಲ್ಲಿಂದ ಸಿಕ್ಕಷ್ಟು ದೂರ ಚಕ್ಕಡಿ, ಉಳಿದದ್ದು ನಡಿಗೆ. ಧಾರವಾಡದ ಆ ಕಚೇರಿಯ ಮುಂದೆಯೇ ಹಾದುಹೋದೆವು. ಪಾಸು ಕೊಡುವ ಕಟ್ಟಡ ಅದೇ ಎಂದು ಆಕೆಗೆ ಗೊತ್ತಿರಲಿಲ್ಲ.

ನೆಗೆಣ್ಣಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅತ್ತೆ ಬಗ್ಗಿ ಅವಳ ಪಾದ ಹಿಡಿದಳು.

“ಹೋದ ತಿಂಗಳನ ಮಾಫ್ ಮಾಡೀನಲ್ಲ ಯಕ್ಕ, ಎಷ್ಟ ಸರತೆ ಮಾಡ್ಲಿ?” ಎಂದು ಆ ಹೆಂಗಸು ಗಾಬರಿಯಾದಳು. “ಹಂಡೇ ಬೇಕಾರ ಒಯ್ಯಿ. ಕಾಲು ಬಿಡು.”

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಟ್ಟಿದ್ದರೆ ಆಗಲೂ — ಬಿಡಲಿಲ್ಲ.

ಮುಂದಿನ ವರ್ಷ ಯುದ್ಧ ಬಂತು. ಸಮುದ್ರದಲ್ಲಿ ಹಡಗು ಮುಳುಗಿಸುತ್ತಾರೆಂಬ ಸುದ್ದಿ. ಅದರ ಮುಂದಿನ ವರ್ಷ ಆಕೆಗೆ ದಮ್ಮು ಹಿಡಿಯಿತು. ಬಿಲ್ಲು ಮೂಲೆ ಸೇರಿತು. ಮಕ್ಕಾದ ಹಣದಲ್ಲಿ ನನ್ನ ಮದುವೆ ಮಾಡಿದಳು. ನಾನು ಬೇಡ ಎನ್ನಲಿಲ್ಲ. ಹಡಗಿನ ಎರಡು ಗಾದಿಗಳನ್ನು ಕೂಡಿಸಿ ಹೊಲಿದು ಅದನ್ನೂ ನಮಗೇ ಕೊಟ್ಟಳು.

ಯುದ್ಧ ಮುಗಿಯುವುದನ್ನು ಆಕೆ ನೋಡಲಿಲ್ಲ. ಕೊನೆಯ ದಿನಗಳಲ್ಲಿ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ನೀರು ಕುಡಿಸುತ್ತಿದ್ದಾಗ ಕೇಳಿದಳು: “ನಂದೇನು ತಪ್ಪಾಗಿತ್ತೋ, ಖಾದರಾ? ನಿನಗೇನಾರ ಗೊತ್ತೈತೇನು?”

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಕೆಯ ಕಿವಿ ಚೆನ್ನಾಗಿತ್ತು, ಬುದ್ಧಿ ಚೆನ್ನಾಗಿತ್ತು. ಇದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೂ ಸಿಗುವುದಿಲ್ಲ.

“ಏನಿಲ್ಲ ಅತ್ತಿ, ನೀರ ಕುಡಿ,” ಎಂದೆ.

ನೌಕರಿ ಮೂವತ್ತು ವರ್ಷ ನಡೆಯಿತು, ಪಿಂಚಣಿ ಬರುತ್ತಿದೆ. ಮೌಲಾನೂ ಏನೂ ತಿಳಿಯದೆ ತೀರಿಕೊಂಡ. ಹಜ್ಜಿಗೆ ಹೊರಟವರು ಈಗಲೂ ಹಿರಿಯನೆಂದು ನನ್ನ ಬಳಿ ಮಾಫಿ ಕೇಳಲು ಬರುತ್ತಾರೆ. ಮಕ್ಕಳು ನನ್ನನ್ನೂ ಕಳಿಸುತ್ತೇವೆನ್ನುತ್ತಾರೆ. ಬೇಡವೆಂದಿದ್ದೇನೆ, ಯಾಕೆಂದು ಅವರಿಗೆ ಗೊತ್ತಿಲ್ಲ.

ಬರುವ ಶುಕ್ರವಾರ ನಮಾಜು ಮುಗಿದ ಮೇಲೆ ಈ ಹಾಳೆಗಳನ್ನು ಜಮಾತಿನ ಮುಂದೆ ನಿಂತು ಓದುತ್ತೇನೆ. ಆಕೆಯಲ್ಲಿ ಯಾವ ಕೊರತೆಯೂ ಇರಲಿಲ್ಲ, ಕರೆ ಬಂದಿತ್ತು, ನಡುವೆ ನಿಂತು ತಡೆದವನು ನಾನು ಎಂದು ಅವರಿಗೆ ತಿಳಿಯಲಿ. ಅವರು ಕ್ಷಮಿಸಿದರೂ ಅದು ಅವರು ಕೊಡುವಂಥದಲ್ಲ. ಕೊಡಬೇಕಾದವಳನ್ನು ನಾನು ಒಮ್ಮೆಯೂ ಕೇಳಲಿಲ್ಲ. ಓಣಿಯವರು ಆಕೆಯನ್ನು ಬೂಬು ಎನ್ನುತ್ತಿದ್ದರು, ನಾನು ಅತ್ತಿ ಎನ್ನುತ್ತಿದ್ದೆ. ಆಕೆಯ ಹೆಸರು ದಾವಲಬಿ.