ಕೈಗೆ ಕಟ್ಟಿದ ಅರಿಶಿನ ಕೊಂಬು

ಪುಟ್ಟ ಬಾಟಲಿಯ ಮುಚ್ಚಳ ತೆಗೆದೊಡನೆ ಅರಿಶಿನದ ವಾಸನೆ ಬಂತು. ಒಳಗೆ ಬೆರಳಗಲದ ಹಳದಿ ಕಾಗದದ ಪಟ್ಟಿಗಳಿದ್ದವು. ಜೇವರ್ಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಹೊಸ ವಿಧಾನಗಳ ಕುರಿತು ಸಭೆ ನಡೆದಿತ್ತು. ರಸಾಯನ ಕಲಿಸಿ ನಿವೃತ್ತನಾಗಿ, ಎಂಬತ್ತು ದಾಟಿದ ನನ್ನಿಂದ ಹೊಸತಕ್ಕೆ ಏನಾಗಬೇಕಿತ್ತೋ ಕಾಣೆ, ಮುಂದಿನ ಸಾಲಿಗೆ ಒಂದು ನರೆತ ತಲೆ ಬೇಕಿತ್ತೇನೋ! ಅಲ್ಲಿಯ ಕಿರಿಯ ಅಧ್ಯಾಪಕಿ ವೇದಿಕೆಯ ಮೇಲೆ ಒಂದು ಪೆಟ್ಟಿಗೆ ಬಿಚ್ಚಿ ತೋರಿಸಿ, ಅದರೊಳಗಿನ ಈ ಬಾಟಲಿಯನ್ನು ನಮ್ಮ ಸಾಲಿಗೆ ಕಳಿಸಿದ್ದಳು. ಪ್ರನಾಳದ ತುಂಬ ಸುರಿಯುವುದು ಬೇಡ, ಹನಿಹನಿಯಲ್ಲೇ ಪ್ರಯೋಗ ಮಾಡಬಹುದು. ದುಬಾರಿ ರಾಸಾಯನಿಕ ಬೇಡ, ಮನೆಯ ಸಾಮಾನೇ ಸಾಕು. ಇದೀಗ ಎಲ್ಲ ಕಡೆ ಬರುತ್ತಿರುವ ಹೊಸ ಪದ್ಧತಿ ಇದು ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಪಕ್ಕದವರು ನನ್ನತ್ತ ತಿರುಗಿ ನೋಡಿದರು. ಹೊಸದಂತೆ! ಇದನ್ನು ನಮ್ಮ ಮಾಸ್ತರರು ಅಫಜಲಪುರದ ಒಂದು ದನದ ಕೊಟ್ಟಿಗೆಯಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮಗಿನ್ನೂ ಬಾರದಿದ್ದ ಆ ವರ್ಷ, ನಮಗೆ ಕಲಿಸಿ ಮುಗಿಸಿದ್ದರು...

ಆಗ ನಾನು ಹೈದರಾಬಾದಿನಲ್ಲಿ ಇಂಟರ್ ಎರಡನೇ ವರ್ಷ ಓದುತ್ತಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ಸಂಸ್ಥಾನ ದೇಶದೊಳಗೆ ಸೇರಬೇಕೆಂಬ ನಲವತ್ತೇಳರ ಗದ್ದಲದಲ್ಲಿ ಓದು ಬಿಟ್ಟು ಹೊರಬಂದ ಹುಡುಗರಲ್ಲಿ ನಾನೂ ಒಬ್ಬ. ಘೋಷಣೆ ಕೂಗುವಾಗ ಹುಮ್ಮಸ್ಸಿತ್ತು. ನಮ್ಮೂರು ಅತನೂರಿಗೆ ಬಂದು ಅಪ್ಪನ ಮುಖ ನೋಡಿದ ಮೇಲೆ ಅದು ಇಳಿಯಿತು. ಅಪ್ಪನದು ಒಂದೇ ಮಾತು.

"ಪರೀಕ್ಷಾ ಯಾವಾಗರ ಆಗಲಿ, ಒಮ್ಮೆ ಕೂಡು. ಪಾಸಾದ್ರ ಮುಂದ ಓದು. ಇಲ್ಲಂದ್ರ ರಂಟಿ ಹಿಡಿದು ಹೊಲ ಉಳು. ಎರಡನೇ ಮಾತ ಇಲ್ಲ."

ಪುಸ್ತಕದ ಪರೀಕ್ಷೆಗೆ ನಾನು ಹೆದರಿರಲಿಲ್ಲ. ಹೆದರಿಕೆ ಇದ್ದದ್ದು ಪ್ರಾಯೋಗಿಕ ಪರೀಕ್ಷೆಗೆ. ಹೆಸರು ಹೇಳದೆ ಒಂದು ಚಿಟಿಕೆ ಬಿಳಿ ಪುಡಿ ಕೊಡುತ್ತಾರೆ, ಅದರೊಳಗೆ ಏನಿದೆ ಎಂದು ನಾವು ಕಂಡುಹಿಡಿಯಬೇಕು. ಅದು ಓದಿ ಬರುವ ವಿದ್ಯೆಯಲ್ಲ, ಕೈಗೆ ಬರಬೇಕಾದದ್ದು. ಅತನೂರಿನಲ್ಲಿ ಪ್ರಯೋಗಶಾಲೆ ಎಲ್ಲಿಂದ ತರುವುದು? ಅಷ್ಟರಲ್ಲಿ ಸುದ್ದಿ ಬಂತು. ನಮ್ಮ ಕಾಲೇಜಿನ ರಸಾಯನದ ಮಾಸ್ತರರೂ ಕೆಲಸ ಬಿಟ್ಟು ಅಫಜಲಪುರದ ತಮ್ಮ ಮನೆಗೆ ಬಂದಿದ್ದಾರೆ ಎಂದು.

ಅವರಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಕುಸುಬಿ ಎಣ್ಣೆಯ ಮೇಲೆ ಸಂಶೋಧನೆ ಮಾಡುತ್ತಿದ್ದರು, ಅರ್ಧಕ್ಕೆ ಬಿಟ್ಟು ಬಂದಿದ್ದರು. ಮುಖ ಬಾಡಿಸಿಕೊಂಡು ಕುಳಿತಿರುತ್ತಾರೆ ಎಂದುಕೊಂಡು ಹೋದರೆ, ಮನುಷ್ಯ ಧೋತರ ಮೇಲೆ ಕಟ್ಟಿಕೊಂಡು ಕೊಟ್ಟಿಗೆ ಸಾರಿಸುತ್ತಿದ್ದರು.

"ಬಾರಲೇ, ಛಲೋ ಆತು ಬಂದಿ," ಎಂದರು. "ಈ ಗ್ವಾದ್ಲಿ ಮ್ಯಾಲ ಹಲಗಿ ಹಾಕಿದ್ರ ಮೇಜು ಆಗ್ತದಿಲ್ಲೋ, ನೋಡು."

ದನ ಮೇಯುವ ಗೋದಲಿ ಹೀಗೆ ನಮ್ಮ ಪ್ರಯೋಗಶಾಲೆಯ ಮೇಜಾಯಿತು. ಸುತ್ತಲಿನ ಹಳ್ಳಿಗಳಿಂದ ಇನ್ನೂ ಮೂವರು ಬಂದರು. ಸಾಮಾನು ಕೂಡಿಸುವುದೇ ಮೊದಲ ಪಾಠ. ತೇಜಾಬು ಅಂದರೆ ಆಮ್ಲ, ಬಿಳಿಗಾರ ಅಂದರೆ ಬೋರಾಕ್ಸ್, ಎರಡನ್ನೂ ಪತ್ತಾರನ ಅಂಗಡಿಯಿಂದ ತಂದೆವು. ಪತ್ತಾರ ಬಂಗಾರ ಬೆಸೆಯುವಾಗ ಬಿಳಿಗಾರ ಬೆಂಕಿಯಲ್ಲಿ ಅರಳಿನ ಹಾಗೆ ಉಬ್ಬಿ, ಆಮೇಲೆ ಕರಗಿ ಗಾಜಾಗುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆವು. ಸುಣ್ಣದ ತಿಳಿ ಅವ್ವನ ಎಲೆ ಅಡಿಕೆಯ ಡಬ್ಬಿಯಿಂದ ಬಂತು. ಅವ್ವ ಅಂದರೆ ಮಾಸ್ತರರ ತಾಯಿ, ನಾವೂ ಅವರನ್ನು ಹಾಗೇ ಕರೆಯುತ್ತಿದ್ದೆವು. ಯಾವುದೂ ಹೆಚ್ಚಿಗೆ ಇರಲಿಲ್ಲವಾದ್ದರಿಂದ ಒಡೆದ ಬಸಿಯ ಮೇಲೆ ಒಂದೊಂದೇ ಹನಿ ಹಾಕಿ ಪ್ರಯೋಗ ಮಾಡುತ್ತಿದ್ದೆವು.

ಮಾಸ್ತರರ ಕಟ್ಟುನಿಟ್ಟು ಎರಡೇ. ಒಂದು, ಪ್ರತಿ ಬಾಟಲಿಗೂ ಚೀಟಿ ಇರಬೇಕು, ಅದರ ಮೇಲೆ ಒಳಗಿರುವುದೇನು, ತಯಾರಿಸಿದವರು ಯಾರು, ಯಾವ ಊರು ಎಂದು ಬರೆದಿರಬೇಕು. ಇನ್ನೊಂದು, ತಪ್ಪಾದದ್ದನ್ನೂ ವಹಿಯಲ್ಲಿ ಬರೆಯಬೇಕು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರಿಯೋದ ಸಂಶೋಧನಾದ ಮೊದಲ್ನೇ ಪುಟ," ಎನ್ನುತ್ತಿದ್ದರು. ಉರ್ದುವಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಅವರ ಬಾಯಲ್ಲಿ ಕನ್ನಡವಾಗಿ ಬಂದಾಗ, ಅಯ್ಯೋ, ಇಷ್ಟೇನಾ ಇದು ಅನ್ನಿಸುತ್ತಿತ್ತು.

ಶುದ್ಧ ನೀರಿನದೊಂದು ಕಥೆ ಹೇಳಲೇಬೇಕು. ಪ್ರಯೋಗಕ್ಕೆ ಬಾವಿಯ ನೀರು ನಡೆಯುವುದಿಲ್ಲ, ಕಾಸಿ, ಉಗಿ ಮಾಡಿ, ಮತ್ತೆ ನೀರಾಗಿಸಬೇಕು. ಕೊಡದ ಬಾಯಿಗೆ ಮಣ್ಣು ಮೆತ್ತಿ, ಬಿದಿರಿನ ಕೊಳವೆ ಸಿಗಿಸಿ, ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ತುದಿಗೆ ತಂಬಿಗೆ ಇಟ್ಟಿದ್ದೆವು. ಓಣಿಯಲ್ಲಿ ಹೋಗುವವರಿಗೆ ಅದು ಏನಾಗಿ ಕಂಡಿರಬೇಕು ಹೇಳಿ! ಮರುದಿನ ಆಬಕಾರಿ ಸಾಹೇಬರು ಇಬ್ಬರು ಜವಾನರೊಂದಿಗೆ ಬಂದೇಬಿಟ್ಟರು. ಎಲ್ಲ ಕಡೆ ರಜಾಕಾರರ ಹೆದರಿಕೆ ಇದ್ದ ದಿನಗಳು. ಓದು ಬಿಟ್ಟು ಬಂದವರ ಮೇಲೆ ಸರಕಾರದ ಕಣ್ಣು ಬೇರೆ. ನನ್ನ ಪರೀಕ್ಷೆ ಅಲ್ಲಿಗೇ ಮುಗಿಯಿತು ಅಂದುಕೊಂಡೆ.

"ಸಾರಾಯಿ ಭಟ್ಟಿ ಇಳಸಾಕತ್ತೀರಿ ಅಂತ ಖಬರ್ ಬಂದದ, ಮಾಸ್ತರ್," ಎಂದರು ಸಾಹೇಬರು.

"ಬರೋಬ್ಬರಿ ಅದರಿ. ಕುಡದ ನೋಡ್ರಿ," ಎಂದು ಮಾಸ್ತರರು ತಂಬಿಗೆಯನ್ನೇ ಕೊಟ್ಟರು.

ಸಾಹೇಬರು ಮೂಸಿದರು, ನೆಕ್ಕಿದರು, ಕೊನೆಗೆ ಗಟಗಟ ಕುಡಿದರು. ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಇದು ಬರೇ ನೀರು!"

"ಬರೇ ನೀರ ಬೇಕಾಗಿತ್ತರಿ ನಮಗ. ಅದಕ್ಕ ಇಷ್ಟು ಒದ್ದಾಡಾಕತ್ತೇವಿ."

"ನೀರಿನ್ಯಾಗಿಂದ ನೀರು ತೆಗ್ಯಾಕ ಯಾರರ ಕಟಗಿ ಸುಡ್ತಾರೇನ್ರಿ? ಹುಚ್ಚರದೀರಿ ನೀವೆಲ್ಲ!" ಎಂದು ಬೈಯುತ್ತ ಸಾಹೇಬರು ಹೊರಟುಹೋದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾಸ್ತರರಿಗೆ ಮಾತ್ರ ಎರಡು ದಿನದ ಶುದ್ಧ ನೀರು ಸಾಹೇಬರ ಹೊಟ್ಟೆ ಸೇರಿತಲ್ಲ ಎಂಬ ಸಂಕಟ.

ನಾನು ಮಾಡಿದ ದೊಡ್ಡ ತಪ್ಪಿನ ವಿಷಯಕ್ಕೆ ಬರುತ್ತೇನೆ. ಒಂದು ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಕುಂಕುಮ ಮಾಡುತ್ತಿದ್ದರು. ಅರಿಶಿನದ ಪುಡಿ ಕೆಂಪಾಗುವುದನ್ನು ನೋಡಿ ನನ್ನ ಪಾಂಡಿತ್ಯ ಉಕ್ಕಿತು.

"ಅವ್ವ, ಸುಣ್ಣ ಹಾಕೀರಿ ನೀವು. ಸುಣ್ಣಕ್ಕ ಅರಿಶಿನ ಕೆಂಪಾಗ್ತದ, ಹುಳಿ ಹಿಂಡಿದ್ರ ತಿರುಗಿ ಹಳದಿ ಆಗ್ತದ. ಇದಕ್ಕ ಪುಸ್ತಕದಾಗ ಆಧಾರ ಅದ."

"ಹಿಂಡು ಮತ್ತ," ಎಂದು ಅವ್ವ ನಿಂಬೆಹಣ್ಣು ಮುಂದಿಟ್ಟರು.

ಹಿಂಡಿದೆ. ಕುಂಕುಮ ಕೆಂಪಗೇ ಇತ್ತು. ಇನ್ನೊಂದು ಹಿಂಡಿದೆ, ಆಗಲೂ ಕೆಂಪೇ. ಮಾಸ್ತರರು ಕಂಬಕ್ಕೆ ಒರಗಿ ನಗುತ್ತ ನಿಂತಿದ್ದರು. ಅವರಿಗೆ ಉತ್ತರ ಗೊತ್ತಿತ್ತು, ಆದರೆ ಬಾಯಿ ಬಿಡಲಿಲ್ಲ.

"ಸುಣ್ಣದ ಕೆಂಪು ಹುಳಿಗಿ ಓಡಿ ಹೋಗ್ತದೋ ತಮ್ಮಾ, ಹಣಿ ಮ್ಯಾಲ ನಿಲ್ಲಂಗಿಲ್ಲ," ಎಂದರು ಅವ್ವ. "ನಾ ಹಾಕಿದ್ದು ಬಿಳಿಗಾರ. ಅದಕ್ಕ ಹುಳಿನೇ ಬೇಕು. ಹಸಿ ಇದ್ದಾಗ ಹಳದಿ, ಒಣಗಿದಂಗ ಕೆಂಪು. ಅವಸರ ಮಾಡಬಾರದು."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನದು ಅದೇ ಜಾತಿಯ ಜಾಣತನ. ಮಾಸ್ತರರು ನನ್ನ ವಹಿ ತರಿಸಿ, ನನ್ನ ಕೈಯಿಂದಲೇ ಬರೆಸಿದರು: "ನಾನು ಹೇಳಿದ್ದು ತಪ್ಪು. ಅವ್ವ ಹೇಳಿದ್ದು ಸರಿ."

ನಲವತ್ತೆಂಟರ ಸೆಪ್ಟೆಂಬರಿಗೆ ಗದ್ದಲ ಮುಗಿಯಿತು. ಸಂಸ್ಥಾನ ದೇಶದೊಳಗೆ ಸೇರಿತು. ಓದು ಬಿಟ್ಟವರಿಗೂ ಪರೀಕ್ಷೆಗೆ ಕೂರುವ ಅವಕಾಶ ಸಿಕ್ಕಿತು. ಹೈದರಾಬಾದಿಗೆ ಹೊರಡುವ ಮುಂಜಾನೆ ಮಾಸ್ತರರ ಕಾಲಿಗೆ ಬೀಳಲು ಹೋದೆ. ಅವ್ವ ದಾರಕ್ಕೆ ಅರಿಶಿನದ ಕೊಂಬು ಪೋಣಿಸಿ ನನ್ನ ಬಲಗೈಗೆ ಕಟ್ಟಿದರು. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ಹಾಗೆ ಕಟ್ಟುವುದು ಆ ಮನೆಯ ಪದ್ಧತಿ. ನನಗೆ ನಾಚಿಕೆ. ಪಟ್ಟಣದ ಹುಡುಗರು ನಗುತ್ತಾರೆಂದು ಅಂಗಿಯ ತೋಳು ಕೆಳಗೆ ಇಳಿಸಿಕೊಂಡೆ.

ಪರೀಕ್ಷೆಯಲ್ಲಿ ನನಗೆ ಬಂದ ಬಿಳಿ ಪುಡಿ ಒಂದು ಗಂಟೆ ನನ್ನನ್ನು ಆಟವಾಡಿಸಿತು. ಜ್ವಾಲೆಗೆ ಹಿಡಿದಾಗ ಗಾಢ ಹಳದಿ ಬಂತು, ಅರ್ಧ ಉತ್ತರ ಸೋಡಿಯಂ ಎಂದು ಸಿಕ್ಕಿತು. ಉಳಿದರ್ಧಕ್ಕೆ ಮಾಡಿದ ಪರೀಕ್ಷೆಗಳೆಲ್ಲ ಸುಳ್ಳಾದವು. ಕಣ್ಣ ಮುಂದೆ ಅಪ್ಪನ ರಂಟಿ ಬಂದು ನಿಂತಿತು. ಕೈಸೋತು ಪುಡಿಯನ್ನು ಸುಮ್ಮನೆ ಕಾಸಿದೆ. ಅದು ಅರಳಿನ ಹಾಗೆ ಉಬ್ಬಿ, ಕರಗಿ, ಗಾಜಾಯಿತು! ಪತ್ತಾರನ ಅಂಗಡಿ ನೆನಪಾಯಿತು. ಇದು ಬಿಳಿಗಾರವೇ. ಆದರೆ ಅನುಮಾನಕ್ಕೆ ಅಂಕ ಇಲ್ಲ, ಸಾಬೀತು ಮಾಡಬೇಕು. ಅದಕ್ಕೆ ಬೇಕಾದ ಅರಿಶಿನ ಕಾಗದದ ಡಬ್ಬಿ ನೋಡಿದರೆ ಖಾಲಿ. ಗದ್ದಲದ ವರ್ಷ, ಯಾರೂ ತುಂಬಿಸಿರಲಿಲ್ಲ.

ಆಗ ಅಂಗಿಯ ತೋಳೊಳಗೆ ಏನೋ ಚುಚ್ಚಿತು.

ಕೊಂಬನ್ನು ಹೊರಗೆಳೆದು ಒದ್ದೆ ಮಾಡಿದ ಸೋಸುವ ಕಾಗದದ ಮೇಲೆ ಗಸಗಸ ಉಜ್ಜಿದೆ. ಕಾಗದ ಹಳದಿಯಾಯಿತು. ಪುಡಿಯ ದ್ರಾವಣಕ್ಕೆ ಆಮ್ಲ ಹಾಕಿ ಅದರಲ್ಲಿ ಅದ್ದಿದೆ. ಬಣ್ಣ ಬದಲಾಗಲಿಲ್ಲ. ಅಷ್ಟರಲ್ಲಿ ಪರೀಕ್ಷಕರು ಬಂದು ನನ್ನ ಕೈ ಹಿಡಿದರು.

"ಯೇ ಕ್ಯಾ ಹೈ? ತಾವೀಜ್?" ತಾಯಿತವೇ ಎಂದು ಕೇಳಿದ ಅವರ ದನಿಯಲ್ಲಿ ಕಾಪಿ ಹೊಡೆಯುವವನು ಸಿಕ್ಕಿಬಿದ್ದ ಎಂಬ ಭಾವವಿತ್ತು.

ಇದು ಅರಿಶಿನ, ಡಬ್ಬಿ ಖಾಲಿಯಿತ್ತು, ಇನ್ನೊಂದು ನಿಮಿಷ ತಡೆಯಿರಿ ಎಂದು ಉರ್ದುವಿನಲ್ಲಿ ಬೇಡಿಕೊಂಡೆ. ಹಸಿ ಇದ್ದಾಗ ಹಳದಿ, ಒಣಗಿದಂಗ ಕೆಂಪು, ಅವಸರ ಮಾಡಬಾರದು... ಕಾಗದವನ್ನು ದೀಪದ ಮೇಲೆ ಎತ್ತರದಲ್ಲಿ ಹಿಡಿದೆ. ಅಂಚಿನಿಂದ ಶುರುವಾಗಿ ಕಾಗದ ಮೆಲ್ಲಗೆ ಕುಂಕುಮದ ಬಣ್ಣಕ್ಕೆ ತಿರುಗಿತು. ಕ್ಷಾರದ ಹನಿ ಬಿಟ್ಟಾಗ ಹಸಿರುಗಪ್ಪಾಯಿತು. ಅದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ.

ಪರೀಕ್ಷಕರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಿನಗೆ ಕಲಿಸಿದವರು ಯಾರು ಎಂದು ಕೇಳಿದರು. ಮಾಸ್ತರರ ಹೆಸರು ಹೇಳಿದೆ. "ಶಾಬಾಶ್," ಎಂದರು. ಅದು ನನಗೆ ಹೇಳಿದ್ದೋ, ಮಾಸ್ತರರಿಗೋ ತಿಳಿಯಲಿಲ್ಲ.

ಪಾಸಾದೆ. ಅಪ್ಪ ಕೊಟ್ಟ ಮಾತಿಗೆ ತಪ್ಪಲಿಲ್ಲ, ರಂಟಿಯನ್ನು ನನ್ನ ತಮ್ಮನ ಕೈಗೆ ಕೊಟ್ಟ. ನಾನು ಅಫಜಲಪುರಕ್ಕೆ ಓಡಿದೆ. ಮಾಸ್ತರರು ಅಂಕ ಎಷ್ಟೆಂದು ಕೇಳಲಿಲ್ಲ. ಕಾಗದ ಯಾವ ಕಡೆಯಿಂದ ಕೆಂಪಾಗತೊಡಗಿತು ಎಂದು ಕೇಳಿದರು! ಎಲ್ಲ ಕೇಳಿಯಾದ ಮೇಲೆ ನನ್ನ ಕೈಯಿಂದ ಸವೆದ ಕೊಂಬನ್ನು ಬಿಚ್ಚಿ, ಬಾಟಲಿಗೆ ಹಾಕಿ, ಚೀಟಿ ಬರೆದು ಅಂಟಿಸಿದರು. ಓದು ಬಾರದ ಅವ್ವ ಏನು ಬರೆದೆ ಎಂದು ಕೇಳಿದರು.

"ಅರಿಶಿನ. ತಯಾರಿಸಿದವರು: ಅವ್ವ, ಅಫಜಲಪುರ."

"ಇನ್ನೊಮ್ಮೆ ಓದು," ಎಂದರು ಅವ್ವ. ಮಾಸ್ತರರು ಇನ್ನೊಮ್ಮೆ ಓದಿದರು. ಅವ್ವ ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಹೋದರು, ನಗುತ್ತಿದ್ದರೋ ಅಳುತ್ತಿದ್ದರೋ... ಅಂದು ನಮಗೆಲ್ಲ ಹೋಳಿಗೆಯ ಊಟವಾಯಿತು.

ಮಾಸ್ತರರು ಕಾಲೇಜಿಗೆ ಮರಳಲಿಲ್ಲ. ಆಳಂದದ ಶಾಲೆಯೊಂದರಲ್ಲಿ ಕಲಿಸುತ್ತ ಉಳಿದರು. ಕುಸುಬಿ ಎಣ್ಣೆಯ ಸಂಶೋಧನೆ ಮುಗಿಯಲೇ ಇಲ್ಲ. ಅವರು ಅದಕ್ಕೆ ಕೊರಗಿದ್ದನ್ನು ನಾನು ಕಾಣೆ, ನನಗೆ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ. ಅವರು ಹೋದ ದಿನ ನಾನು ದೂರದ ಊರಿನಲ್ಲಿ ಪರೀಕ್ಷಕನಾಗಿ ಹುಡುಗರಿಗೆ ಬಿಳಿ ಪುಡಿ ಹಂಚುತ್ತಿದ್ದೆ. ಸುದ್ದಿ ತಲುಪಿದ್ದು ಮೂರು ದಿನಗಳ ಮೇಲೆ. ಅವ್ವ ಅದಕ್ಕೂ ಮುಂಚೆಯೇ ಹೋಗಿದ್ದರು. ಆ ಬಾಟಲಿ ಎಲ್ಲಿ ಹೋಯಿತೋ, ಯಾರಿಗೂ ಗೊತ್ತಿಲ್ಲ.

ಜೇವರ್ಗಿಯ ಸಭೆ ಮುಗಿದ ಮೇಲೆ ಆ ಅಧ್ಯಾಪಕಿ ಪೆಟ್ಟಿಗೆಯನ್ನು ನನ್ನ ಮುಂದೆ ತಂದಿಟ್ಟಳು.

"ಸರ್, ನೋಡಿ ಹೇಳ್ರಿ, ಏನರ ಕಮ್ಮಿ ಅದ ಏನ್ರಿ?"

"ಒಂದು ಕಮ್ಮಿ ಅದವಾ. ಅರಿಶಿನ ಕಾಗದದ ಬಾಟ್ಲಿಗಿ ಚೀಟಿ ಇಲ್ಲ," ಎಂದೆ.

ಅವಳು ಚೀಟಿಯನ್ನೂ ಪೆನ್ನನ್ನೂ ಕೊಟ್ಟಳು. ನನ್ನ ಕೈ ಈಗ ಸುಮ್ಮನಿದ್ದರೂ ನಡುಗುತ್ತದೆ. ಆದರೂ ಗುಂಡಗೆ ಬರೆದು ಅಂಟಿಸಿದೆ. ಅವಳು ಓದಿದಳು, ಅರ್ಥವಾಗದೆ ನನ್ನ ಮುಖ ನೋಡಿದಳು.

"ಅವ್ವ, ಅಫಜಲಪುರ... ಯಾರ ಅವ್ವ ರೀ ಸರ್?"

ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದೆ.

"ಇನ್ನೊಮ್ಮೆ ಓದವಾ," ಎಂದೆ.