ಗಸಿಯ ಸಾಬೂನು

ತೆಲಂಗಾಣ ರಾಜ್ಯವಾದ ವರ್ಷ ಗದ್ವಾಲದ ಒಂದು ತೌಡಿನೆಣ್ಣೆ ಮಿಲ್ಲಿಗೆ ಹೋಗಿದ್ದೆ. ಅಲ್ಲಿ ಕಾಸ್ಟಿಕ್ ಸೋಡಾ ಹಾಕಿ ಎಣ್ಣೆ ಶುದ್ಧ ಮಾಡುತ್ತಿದ್ದರು. ಆಗ ತಳಕ್ಕಿಳಿಯುವ ಗಸಿಯ ಜೊತೆ ಬಹಳಷ್ಟು ಎಣ್ಣೆಯೂ ಹೊರಗೆ ಹೋಗುತ್ತಿತ್ತು. ಅದನ್ನು ತಡೆಯಲು ಎಂಜೈಮ್ ಎಂಬ ದ್ರವ ಹಾಕಿಸುವುದು ನನ್ನ ಕೆಲಸ.

ನಾಲ್ಕನೆಯ ದಿನ ಧರೂರಿನ ನರಸಮ್ಮ ಡಬ್ಬಿ ಹಿಡಿದು ಬಂದಳು. ಗಂಡ ಸತ್ತ ಮೇಲೆ ಆ ಗಸಿಯಿಂದ ಬಟ್ಟೆ ಸಾಬೂನು ಮಾಡಿ ಮಾರಿ ಬದುಕಿದವಳು. ಹೊಸ ಗಸಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

“ಇದ್ರಾಗ ಎಣ್ಣಿನೇ ಇಲ್ಲಲ್ರಿ. ಸಾಬೂನು ಹೆಂಗ ಆಗ್ತೈತಿ?”

“ಎಂಜೈಮ್ ಎಣ್ಣೆ ಹೋಗಾಕ ಬಿಡೋದಿಲ್ಲಮ್ಮ,” ಎಂದೆ, ಹೆಮ್ಮೆಯಿಂದಲೇ.

“ಅದಕ್ಕ ಹೊಟ್ಟಿ ಐತೇನ್ರಿ?”

“ಇಲ್ಲ.”

“ಮತ್ತ ನನ್ನ ಪಾಲು ಯಾಕ ತಿಂತ್ರಿ ಅದು?”

ಎಣ್ಣೆ ಮೆತ್ತಿದ ನನ್ನ ಕೈ ನೋಡಿ, ಮಾರಲು ತಂದ ಚೀಲದಿಂದ ಒಂದು ಸಾಬೂನು ತೆಗೆದು ಕೊಟ್ಟಳು. “ತೊಳ್ಕೋರಿ ಸಾಹೇಬ್ರ. ಉಳಿದದ್ದು ಇದೊಂದ.” ಖಾಲಿ ಡಬ್ಬಿ ಎತ್ತಿಕೊಂಡು ಬಸ್ಸಿನ ಕಡೆ ನಡೆದಳು.

ಗಸಿಯಲ್ಲಿ ಹೋಗುವ ಎಣ್ಣೆಯನ್ನು ನಮ್ಮ ಕಾಗದಗಳಲ್ಲಿ ‘ವ್ಯರ್ಥ’ ಎಂದು ಬರೆಯುತ್ತಿದ್ದೆವು. ಅವಳ ಸಾಬೂನಿನಿಂದ ಕೈ ತೊಳೆದೆ; ನೊರೆ ಮಾತ್ರ ಚೆನ್ನಾಗಿಯೇ ಬಂತು.